ಎಷ್ಟು ವ್ಯತ್ಯಾಸ ಅಂತಲ್ಲ, ಎಲ್ಲಿ ಅಂತ ನೋಡು

ಕುಂಬಳೆ

ಪ್ರೀತಿಯ ಸುಮಾಳಿಗೆ ಮಾವನ ಆಶೀರ್ವಾದಗಳು.

ಮೀನಿನ ವೈರಸ್‌ಗಳ ಮೇಲೆ ಪ್ರಾಜೆಕ್ಟ್ ಹಿಡಿದಿದ್ದೀಯಂತೆ, ಖುಷಿಯಾಯಿತು. ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿದವನು ಸುಮ್ನೆ ಶುಭ ಹಾರೈಸಿ ಬಿಡ್ತೇನಾ? ಸ್ವಲ್ಪ ಕೇಳು.

ಯಾವ ವೈರಸ್‌ಗೂ ಯಾವುದಕ್ಕೂ ಜೀನಿನಲ್ಲಿ ಶೇಕಡಾ ಎಷ್ಟು ವ್ಯತ್ಯಾಸ ಎಂದು ದೊಡ್ಡ ಪಟ್ಟಿ ಮಾಡಿ ಕಳಿಸಿದ್ದೀ. ಅದನ್ನು ಕಂಪ್ಯೂಟರ್ ನಿಮಿಷದಲ್ಲಿ ಮಾಡುತ್ತದೆ. ವ್ಯತ್ಯಾಸ ಎಲ್ಲಿದೆ, ಅದರಿಂದ ಮೀನಿಗೆ ಏನಾಗುತ್ತದೆ ಎಂದು ಹುಡುಕುವುದು ನಿನ್ನ ಕೆಲಸ. ಸಾಲ್ಮನ್ ಮೀನಿಗೆ ರಕ್ತಹೀನತೆ ತರುವ ವೈರಸ್ ನೋಡು. ಆ ರೋಗ 1984ರಲ್ಲಿ ನಾರ್ವೆಯಲ್ಲಿ ಕಂಡಿತು, 2007ರಲ್ಲಿ ಚಿಲಿಯ ಸಾಲ್ಮನ್ ಕೃಷಿಯನ್ನೇ ಮಲಗಿಸಿತು. ಆ ವೈರಸ್‌ನ ಮೇಲ್ಮೈಯ ಪ್ರೋಟೀನೊಂದರಲ್ಲಿ ಸಣ್ಣದೊಂದು ಜಾಗವಿದೆ. ಅದು ಪೂರ್ತಿ ಇದ್ದರೆ ವೈರಸ್ ಕಿವಿರಿನಲ್ಲಿ ತೆಪ್ಪಗಿರುತ್ತದೆ, ರೋಗ ಬರುವುದಿಲ್ಲ. ಮಾರಕ ತಳಿಗಳಲ್ಲಿ ಅಲ್ಲಿಂದ ಒಂದಷ್ಟು ಅಮೈನೋ ಆಮ್ಲ, ಅಂದರೆ ಪ್ರೋಟೀನ್ ಸರದ ಮಣಿಗಳು, ಬಿಟ್ಟುಹೋಗಿರುತ್ತವೆ. ಇದೊಂದೇ ಕಾರಣ ಅಲ್ಲ, ಬೇರೆ ಪ್ರೋಟೀನಿನ ಬದಲಾವಣೆಯೂ ಸೇರುತ್ತದೆ. ಆದರೂ ಶೇಕಡಾ ಲೆಕ್ಕದಲ್ಲಿ ಇದು ಕಣ್ಣಿಗೂ ಬೀಳದು, ಅಲ್ವಾ? ಹಾಗೆಯೇ, ಜೀನಿನಲ್ಲಿ ಅಕ್ಷರ ಬದಲಾದರೂ ಪ್ರೋಟೀನ್ ಬದಲಾಗದೆ ಉಳಿಯುವುದು ಬೇಕಾದಷ್ಟಿದೆ. ಜೀನು, ಪ್ರೋಟೀನ್ ಎರಡನ್ನೂ ಬೇರೆ ಬೇರೆಯಾಗಿ ಸಾಲು ಜೋಡಿಸಿ ಹೋಲಿಸಿ ನೋಡು.

ನಮ್ಮ ಕಡೆ ಕಾಳಾಂಜಿ ಮೀನು ಸಾಕುವವರು ಹೆದರಬೇಕಾದ್ದು ನೋಡಾವೈರಸ್‌ಗೆ. ಮರಿಗಳ ಮೈ ಕಪ್ಪಾಗುತ್ತದೆ, ಹೊಟ್ಟೆ ಮೇಲಾಗಿ ಗಿರಗಿರ ಸುತ್ತುತ್ತವೆ. ಮಿದುಳು, ರೆಟಿನಾದ ತೆಳು ಸೀಳನ್ನು ಮೈಕ್ರೋಸ್ಕೋಪಿನಲ್ಲಿಟ್ಟರೆ ಬರೀ ತೂತು. ಈ ವೈರಸ್‌ನ ಜೀನುಗಳೆಲ್ಲ ಇರುವುದು ಎರಡೇ ಆರ್‌ಎನ್‌ಎ ತುಂಡಿನಲ್ಲಿ. ಎಷ್ಟು ಬಿಸಿಯ ನೀರು ಒಗ್ಗುತ್ತದೆ ಎಂಬುದು ಮುಖ್ಯವಾಗಿ ಮೊದಲನೆಯದರ ಕೈಯಲ್ಲಿ. ಎರಡನೆಯದು ಹೊರಕವಚದ್ದು. ಯಾವ ಮೀನನ್ನು ಹಿಡಿಯುತ್ತದೆ ಎಂಬುದರಲ್ಲಿ ಅದರ ಪಾಲು ಜಾಸ್ತಿ. 1997ರಲ್ಲಿ ಕವಚದ ಜೀನು ನೋಡಿಯೇ ನಾಲ್ಕು ಬಗೆ ಎಂದು ವಿಂಗಡಿಸಿದರು. ಆದರೆ ಮೆಡಿಟರೇನಿಯನ್ ಸಮುದ್ರದ ಮೀನುಗಳಲ್ಲಿ ಒಂದು ಬಗೆಯ ಮೊದಲ ತುಂಡು, ಇನ್ನೊಂದು ಬಗೆಯ ಎರಡನೇ ತುಂಡು ಸೇರಿದ ವೈರಸ್‌ಗಳು ಸಿಕ್ಕಿವೆ. ಒಬ್ಬನ ಪಂಚೆ, ಇನ್ನೊಬ್ಬನ ಅಂಗಿ! ಅಂಗಿ ಮಾತ್ರ ನೋಡಿ ಹೆಸರು ಕೂಗಬೇಡ. ಎರಡೂ ತುಂಡಿನ ಅಕ್ಷರಗಳನ್ನು ಲ್ಯಾಬಿನಲ್ಲಿ ಓದಿಸು. ಖರ್ಚು ಜಾಸ್ತಿಯಾಗುತ್ತದೆ ಎಂದರೆ ನಿನ್ನ ಗೈಡ್ ಹತ್ತಿರ ಜಗಳವನ್ನೇ ಮಾಡು.

ಎಲ್ಲ ವೈರಸ್‌ಗೂ ಒಂದೇ ಅಳತೆಗೋಲು ಹಿಡಿಯಬೇಡ. ಕೊಯ್ ಕಾರ್ಪ್ ಮೀನಿನ ಹರ್ಪಿಸ್ ವೈರಸ್‌ದು ಡಿಎನ್‌ಎ, ಸುಮಾರು 2,95,000 ಅಕ್ಷರ. ಜಪಾನ್, ಅಮೆರಿಕ, ಇಸ್ರೇಲಿನವು ಶೇ. 99ಕ್ಕಿಂತ ಜಾಸ್ತಿ ಒಂದೇ ಥರ. ಅಲ್ಲಿ ಸಣ್ಣ ವ್ಯತ್ಯಾಸವನ್ನೂ ಬಿಡದೆ ನೋಡಬೇಕು.

ಇನ್ನೊಂದು. ಮರಿ ಯಾವ ಹ್ಯಾಚರಿಯದ್ದು, ನೀರಿನ ಬಿಸಿ ಎಷ್ಟು, ಉಪ್ಪು ಎಷ್ಟು, ಎಲ್ಲ ಮಾದರಿ ತೆಗೆದ ದಿನವೇ ಬರೆದಿಡು. ನಾಳೆ ಬರೆಯುತ್ತೇನೆ ಎಂದರೆ ಆಗಲಿಕ್ಕಿಲ್ಲ. ರಜೆಯಲ್ಲಿ ಬಂದಾಗ ಶಿರಿಯ ಹೊಳೆ ಬದಿಯಲ್ಲಿ ಮೀನು ಸಾಕುವವರೊಬ್ಬರ ಹತ್ತಿರ ಕರೆದುಕೊಂಡು ಹೋಗ್ತೇನೆ. ಅವರದ್ದು ಮಲಯಾಳ. ಮಂಗಳೂರಿಗೆ ಹೋಗಿ ಮರೆತಿಲ್ಲ ತಾನೇ? ಥರ್ಮಾಮೀಟರ್ ನೀನೇ ತಾ, ನನ್ನದು ಒಡೆದಿದೆ.

ನಿನ್ನ ಮಾವ