ನೀರಿನ ಐಸ್ ಬೇಡ, ಡಿಕಾಕ್ಷನ್ನಿನದೇ ಐಸ್ ಮಾಡಿ

ಸಂಪಾದಕರಿಗೆ ನಮಸ್ಕಾರ.

ಎರಡು ವಾರದ ಹಿಂದೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಮನೆಯಲ್ಲೇ ಕೋಲ್ಡ್ ಕಾಫಿ ಮಾಡುವ ಬಗ್ಗೆ ಅರ್ಧ ಪುಟ ಬಂದಿತ್ತು. ಫೋಟೊ ಚೆನ್ನಾಗಿತ್ತು. ಉದ್ದನೆ ಗಾಜಿನ ಲೋಟ, ಮೇಲೆ ಗೋಪುರದ ಹಾಗೆ ಕ್ರೀಮು, ಅದರ ಮೇಲೆ ಚಾಕೊಲೇಟ್ ಸಿರಪ್ಪಿನ ಗೀಟು. ವಿಧಾನ ಮಾತ್ರ ಐದೇ ಸಾಲು. ಇನ್‌ಸ್ಟಂಟ್ ಕಾಫಿ ಪುಡಿ, ಸಕ್ಕರೆ, ಒಂದು ಲೋಟ ಬಿಸಿ ನೀರು ಮಿಕ್ಸಿಗೆ ಹಾಕಿ ಒಂದು ಸುತ್ತು ತಿರುವಿ, ಆಮೇಲೆ ಹಾಲು, ಒಂದು ಬಟ್ಟಲು ಐಸ್ ಹಾಕಿ ಮತ್ತೆ ತಿರುವಿ, ಕ್ರೀಮು ಹಾಕಿ ಕೊಡಿ. ಮುಗೀತು.

ನನ್ನ ಮಗಳು ಪೇಪರ್ ಎದುರಿಗೆ ಇಟ್ಟುಕೊಂಡು, ಬರೆದದ್ದನ್ನು ಬರೆದ ಹಾಗೇ ಮಾಡಿದಳು. ಕುದಿಯುವ ನೀರು ಜಾರಿಗೆ ಹಾಕಿ, ಮುಚ್ಚಳ ಒತ್ತಿ, ಗುಂಡಿ ತಿರುಗಿಸಿದಳು. ಎರಡು ಸೆಕೆಂಡೂ ಆಗಿರಲಿಲ್ಲ, ಮುಚ್ಚಳ ಹಾರಿ ಸಜ್ಜೆಗೆ ಬಡಿಯಿತು. ಕಾಫಿ ಗೋಡೆ ಮೇಲೆ, ಕ್ಯಾಲೆಂಡರ್ ಮೇಲೆ, ಅವಳ ಬಲಗೈ ಮೇಲೆ. ಪುಣ್ಯಕ್ಕೆ ಮುಖಕ್ಕೆ ಬರಲಿಲ್ಲ. ನಲ್ಲಿ ಕೆಳಗೆ ಹತ್ತು ನಿಮಿಷ ಕೈ ಹಿಡಿಸಿದೆ, ಕೆಂಪಾಗಿದ್ದು ಎರಡು ದಿನದಲ್ಲಿ ಹೋಯಿತು. ಬಿಸಿ ಪದಾರ್ಥ ಮುಚ್ಚಿದ ಜಾರಿನಲ್ಲಿ ತಿರುಗಿದರೆ ಒಳಗಿನ ಗಾಳಿ ಕಾದು ಹಿಗ್ಗುತ್ತದೆ, ಆವಿಯೂ ಸೇರಿಕೊಳ್ಳುತ್ತದೆ, ಹೊರಗೆ ಹೋಗಲು ದಾರಿ ಇಲ್ಲದೆ ಮುಚ್ಚಳವನ್ನೇ ಎತ್ತಿ ಎಸೆಯುತ್ತದೆ. ಬಿಸಿ ಬಿಸಿ ಟೊಮೆಟೊ ರುಬ್ಬಲು ಹೋದವರಿಗೆಲ್ಲ ಇದು ಗೊತ್ತು. ಬರೆದವರಿಗೆ ಗೊತ್ತಿರಲಿಲ್ಲವೋ, ಮಾಡಿ ನೋಡದೇ ಬರೆದರೋ, ಅದು ನನಗೆ ಗೊತ್ತಿಲ್ಲ.

ಮಾರನೇ ದಿನ ಹಟಕ್ಕೆ ಬಿದ್ದು ಎಲ್ಲ ತಣ್ಣಗೆ ಮಾಡಿಕೊಂಡು ಮತ್ತೆ ಹಾಕಿದಳು. ಈ ಸಲ ಒಂದು ಬಟ್ಟಲು ಐಸ್ ಒಟ್ಟಿಗೇ ಹಾಕಿದ್ದಕ್ಕೆ ಮಿಕ್ಸಿ ಒಂದು ಸಲ ಗರ್ ಅಂತು, ಆಮೇಲೆ ಮೋಟಾರು ತಿರುಗುತ್ತಿದೆ, ಬ್ಲೇಡು ಅಲ್ಲಾಡುತ್ತಿಲ್ಲ. ರಿಪೇರಿ ಅಂಗಡಿಯವರು ಜಾರನ್ನು ಬೋರಲು ಹಾಕಿ ನೋಡಿ, ನಾನು ಬಾಯಿ ಬಿಡುವ ಮೊದಲೇ, "ಐಸ್ ಹಾಕಿದ್ರಾ ಅಮ್ಮಾ?" ಅಂದರು. ಮೋಟಾರನ್ನು ಬ್ಲೇಡಿಗೆ ಜೋಡಿಸುವ, ಜಾರಿನ ತಳದ ಕಪ್ಲರಿನ ಹಲ್ಲು ಹಾರಿಹೋಗಿತ್ತು. ಬೇಸಿಗೆ ಬಂದರೆ ಇದೇ ಕೆಲಸವಂತೆ ಅವರಿಗೆ. ನಮ್ಮ ಮಿಕ್ಸಿಗಳು ಚಟ್ನಿಗೆ, ಮಸಾಲೆಗೆ ಅಂತ ಮಾಡಿದವು, ಕಲ್ಲಿನಂಥ ಐಸ್ ಪುಡಿ ಮಾಡುವುದಕ್ಕಲ್ಲ. ಹಾಗೂ ಹೀಗೂ ಸಣ್ಣ ಜಾರಿನಲ್ಲಿ ತಿರುವಿ ಕುಡಿದದ್ದೂ ಆಯಿತು. ಐದು ನಿಮಿಷಕ್ಕೆ ಲೋಟದ ಮೇಲೆ ನೊರೆ, ಕೆಳಗೆ ಕಾಫಿ ಬಣ್ಣದ ನೀರು. ನಮ್ಮ ಯಜಮಾನರು ಒಂದು ಗುಟುಕು ಕುಡಿದು, "ಇದು ಲೋಟ ತೊಳೆದ ನೀರಲ್ವಾ?" ಅಂದರು. ಮಗಳು ಆ ದಿನ ಅವರ ಜೊತೆ ಮಾತಾಡಲಿಲ್ಲ.

ಇಷ್ಟೇ ಆಗಿದ್ದರೆ ಸುಮ್ನೆ ಇರುತ್ತಿದ್ದೆ. ನನಗೆ ಜಾಸ್ತಿ ಬೇಜಾರಾದದ್ದು ಆ ಬರಹದಲ್ಲಿ ಒಂದೇ ಒಂದು ಕಡೆಯೂ ಫಿಲ್ಟರ್ ಕಾಫಿಯ ಮಾತಿಲ್ಲ ಅನ್ನುವುದಕ್ಕೆ. ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಭಾಗ ಬೆಳೆಯುವ ರಾಜ್ಯ ನಮ್ಮದು. ನನ್ನ ತವರು ಸಕಲೇಶಪುರದ ಕಡೆ. ಹೂಮಳೆ ಬಿದ್ದ ಒಂದು ವಾರ ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗಿ, ಮಲ್ಲಿಗೆಯ ಹಾಗೆ ಘಮ್ಮೆನ್ನುವುದನ್ನು ನೋಡಿ ಬೆಳೆದವಳು ನಾನು. ಅಂಥ ಊರಿನ ಪೇಪರಿನಲ್ಲಿ ಕಾಫಿ ಅಂದರೆ ಬಾಟಲಿಯ ಇನ್‌ಸ್ಟಂಟ್ ಪುಡಿ ಅಂತ ಬರೆದರೆ ಹೊಟ್ಟೆ ಉರಿಯುವುದಿಲ್ಲವಾ?

ಇನ್‌ಸ್ಟಂಟ್ ಪುಡಿ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಅದಕ್ಕೂ ಒಂದು ಜಾಗ ಇದೆ. ಗ್ರೀಸ್ ದೇಶದವರ ತಣ್ಣನೆ ನೊರೆ ಕಾಫಿ ಫ್ರಾಪೆ ಇದೆಯಲ್ಲ, ಅದು ಹುಟ್ಟಿದ್ದೇ ಇನ್‌ಸ್ಟಂಟ್ ಪುಡಿಯಿಂದ. 1957ರಲ್ಲಿ ಥೆಸಲೊನೀಕಿ ಅನ್ನುವ ಊರಿನ ವಸ್ತುಪ್ರದರ್ಶನದಲ್ಲಿ ಒಬ್ಬರಿಗೆ ಕಾಫಿ ಬೇಕಾಯಿತಂತೆ, ಬಿಸಿ ನೀರು ಸಿಗಲಿಲ್ಲವಂತೆ, ತಣ್ಣೀರಿಗೇ ಪುಡಿ ಹಾಕಿ ಶೇಕರಿನಲ್ಲಿ ಕುಲುಕಿದರಂತೆ. ಆ ಪುಡಿಯಲ್ಲಿ ಎಣ್ಣೆ ಅಂಶ ತೀರಾ ಕಡಿಮೆ, ಅದಕ್ಕೇ ನೊರೆ ಗಟ್ಟಿಯಾಗಿ ನಿಲ್ಲುತ್ತದೆ. 2020ರ ಲಾಕ್‌ಡೌನಿನಲ್ಲಿ ಎಲ್ಲರೂ ಪುಡಿ, ಸಕ್ಕರೆ, ಬಿಸಿ ನೀರು ಕಡೆದು ನೊರೆ ಎಬ್ಬಿಸಿ ಮಾಡಿದ ಡಾಲ್ಗೋನಾ ಕಾಫಿಯೂ ಅದೇ ಲೆಕ್ಕ. ಆಗ ನಾನು ಜಾಣತನ ತೋರಿಸಲು ಹೋಗಿ ನಮ್ಮ ಡಿಕಾಕ್ಷನ್ನಿಗೆ ಸಕ್ಕರೆ ಹಾಕಿ ಮುಕ್ಕಾಲು ಗಂಟೆ ಕಡೆದೆ. ರಟ್ಟೆ ಬಿದ್ದುಹೋಯಿತೇ ಹೊರತು ನೊರೆ ಏಳಲಿಲ್ಲ. ಇನ್ನು ಐಸ್ ಹಾಕಿ ಮಿಕ್ಸಿಯಲ್ಲಿ ತಿರುವಿ, ಕ್ರೀಮಿನ ಗೋಪುರ ಕಟ್ಟುವ ಫ್ರಾಪುಚಿನೊ ಅಮೆರಿಕದ್ದು. ಬಾಸ್ಟನ್ ಕಡೆಯ ಕಾಫಿ ಕನೆಕ್ಷನ್ ಅನ್ನುವ ಅಂಗಡಿಗಳಲ್ಲಿ ಶುರುವಾದ ಹೆಸರು ಅದು. ಆ ಅಂಗಡಿಗಳನ್ನು 1994ರಲ್ಲಿ ಸ್ಟಾರ್‌ಬಕ್ಸ್ ಕೊಂಡಿತು, ಮುಂದಿನ ವರ್ಷದಿಂದ ಎಲ್ಲ ಕಡೆ ಮಾರಿತು. ಅವರವರ ಕೈಗೆ ಸಿಕ್ಕಿದ್ದರಲ್ಲಿ ಅವರವರು ಮಾಡಿಕೊಂಡರು. ನಮ್ಮ ಅಡುಗೆಮನೆಯಲ್ಲಿ ಕೈಗೆ ಸಿಗುವುದು ಏನು? ಸ್ಟೀಲ್ ಫಿಲ್ಟರು, ರಾತ್ರಿ ಇಳಿಸಿಟ್ಟ ಡಿಕಾಕ್ಷನ್ನು, ಐಸ್ ಟ್ರೇ.

ನಾನು ಎರಡು ಬೇಸಿಗೆಯಿಂದ ಮಾಡುತ್ತಿರುವುದನ್ನು ಹೇಳುತ್ತೇನೆ. ನೀರಿನ ಐಸ್ ಹಾಕಲೇಬೇಡಿ. ಡಿಕಾಕ್ಷನ್ನನ್ನೇ ಐಸ್ ಮಾಡಿ.

ಇಬ್ಬರಿಗೆ ಆಗುವಷ್ಟು ಅಂದರೆ ಆರು ದೊಡ್ಡ ಚಮಚ ಕಾಫಿ ಪುಡಿ. ಫಿಲ್ಟರಿಗೆ ಹಾಕಿ, ಒತ್ತುವ ಬಿಲ್ಲೆಯಿಂದ ಹಗುರವಾಗಿ ಒತ್ತಿ, ಸುಮಾರು 200 ಎಂ.ಎಲ್. ನೀರು. ಕುದಿ ಬಂದ ನೀರನ್ನು ಅರ್ಧ ನಿಮಿಷ ಬಿಟ್ಟು ಹಾಕಿ. ಪುಡಿ ತನ್ನ ಪಾಲು ಕುಡಿದು ಉಳಿದದ್ದು 130 ಎಂ.ಎಲ್. ಆಸುಪಾಸು ಇಳಿಯುತ್ತದೆ, ಕಪ್ಪಗೆ, ಚಮಚದ ಬೆನ್ನಿಗೆ ಅಂಟುವ ಹಾಗೆ. ಎರಡನೇ ಡಿಕಾಕ್ಷನ್ ಇದಕ್ಕೆ ಬೇಡ, ಅದನ್ನು ಮಧ್ಯಾಹ್ನದ ಕಾಫಿಗೆ ಇಟ್ಟುಕೊಳ್ಳಿ. ಇಳಿದದ್ದು ಬೆಚ್ಚಗಿರುವಾಗಲೇ ನಾಲ್ಕು ಚಮಚ ಸಕ್ಕರೆ ಕರಗಿಸಬೇಕು. ತಣ್ಣನೆ ಹಾಲಿಗೆ ಆಮೇಲೆ ಸಕ್ಕರೆ ಹಾಕಿದರೆ ಅದು ಲೋಟದ ತಳದಲ್ಲಿ ಮರಳಿನ ಹಾಗೆ ಕೂರುತ್ತದೆ. ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ, ಹಾಗಾಗಿ ಬಿಸಿ ಕಾಫಿಗೆ ಹಾಕುವುದಕ್ಕಿಂತ ಒಂದು ಚಮಚ ಮುಂದೆ ಇರಲಿ. ಆಮೇಲೆ ಐಸ್ ಟ್ರೇಗೆ ಸುರಿದು ರಾತ್ರಿಯೆಲ್ಲ ಫ್ರೀಜರಿನಲ್ಲಿ ಇಡಿ.

ಇಲ್ಲೊಂದು ಮಾತು. ಟ್ರೇ ಮುಚ್ಚಿಡಬೇಕು. ನಮ್ಮ ಫ್ರೀಜರಿನಲ್ಲಿ ಚಳಿಗಾಲದ ಹಿತಕಿದ ಅವರೆಬೇಳೆ ಮೇ ತಿಂಗಳವರೆಗೂ ಇರುತ್ತದೆ, ಪಕ್ಕದಲ್ಲಿ ತೆಂಗಿನ ತುರಿ. ಮೊದಲ ಸಲ ಮುಚ್ಚದೆ ಇಟ್ಟಿದ್ದೆ. ಅವರೆಕಾಯಿ ಸೊಗಡಿನ ಕಾಫಿ ಕುಡಿದವರು ಪ್ರಪಂಚದಲ್ಲಿ ನಾವೇ ಮೊದಲಿಗರು ಇರಬೇಕು.

ಸಕ್ಕರೆ ಹಾಕಿದ ಡಿಕಾಕ್ಷನ್ನಿನ ತುಂಡು ನೀರಿನ ಐಸಿನಷ್ಟು ಗಟ್ಟಿ ಇರುವುದಿಲ್ಲ. ಉಗುರಿನಿಂದ ಒತ್ತಿದರೆ ಗೆರೆ ಬೀಳುತ್ತದೆ, ಹಲ್ಲಿಗೆ ಸಿಕ್ಕರೆ ಪುಡಿಯಾಗುತ್ತದೆ. ಅದೇ ಇದರ ಗುಟ್ಟು. ಮಿಕ್ಸಿಗೆ ಕಷ್ಟ ಇಲ್ಲ, ಕಪ್ಲರ್ ಉಳಿಯುತ್ತದೆ. ಕರಗಿದರೂ ಕಾಫಿಯೇ ಕರಗುತ್ತದೆ, ನೀರಲ್ಲ. ಅರ್ಧ ಗಂಟೆ ಮಾತಾಡುತ್ತಾ ಕೂತು ಕುಡಿದರೂ ಕೊನೆಯ ಗುಟುಕು ಮೊದಲಿನದಕ್ಕಿಂತ ತೆಳ್ಳಗೆ ಆಗುವುದಿಲ್ಲ.

ಹಾಲಿನದೂ ಹಾಗೇ ನಾಲ್ಕೈದು ತುಂಡು ಐಸ್ ಮಾಡಿಟ್ಟುಕೊಳ್ಳಿ. ಜಾರಿಗೆ ಮೊದಲು 200 ಎಂ.ಎಲ್. ತಣ್ಣನೆ ಹಾಲು, ಆಮೇಲೆ ಹಾಲಿನ ತುಂಡು, ಕೊನೆಗೆ ಕಾಫಿ ತುಂಡು. ಜಾರು ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ. ಗುಂಡಿಯನ್ನು ಒಂದೇ ಸಲಕ್ಕೆ ಮೂರಕ್ಕೆ ತಿರುಗಿಸದೆ, ಎಡಗಡೆಗೆ ತಿರುಗಿಸಿ ಬಿಡಿ, ತಿರುಗಿಸಿ ಬಿಡಿ, ಹೀಗೆ ಏಳೆಂಟು ಸಲ. ಕಟಕಟ ಸದ್ದು ನಿಂತು ಸರ್ ಅಂತ ಒಂದೇ ಸಮನೆ ಕೇಳಲು ಶುರುವಾದಾಗ ಒಂದನೇ ಸ್ಪೀಡಿಗೆ ಹತ್ತು ಸೆಕೆಂಡು. ಜಾಸ್ತಿ ತಿರುವಿದರೆ ಜಾರು ಬಿಸಿಯಾಗಿ ಎಲ್ಲ ಕರಗಿ ಬರೀ ತಣ್ಣನೆ ಕಾಫಿ ಆಗುತ್ತದೆ. ಬೆಳ್ಳುಳ್ಳಿ ಚಟ್ನಿ ಮಾಡುವ ಜಾರು ಬೇಡ ಅಂತ ಬೇರೆ ಹೇಳಬೇಕಾ?

ಹಾಲಿನ ವಿಷಯದಲ್ಲಿ ನಾನೇ ಒಂದು ಸಲ ಕೈ ಸುಟ್ಟುಕೊಂಡಿದ್ದೇನೆ. ರುಚಿಯಾಗಲಿ ಅಂತ ಗಟ್ಟಿ ಹಾಲನ್ನು ಕಾಯಿಸಿ ಆರಿಸಿ, ಮೇಲಿನ ಕೆನೆ ಸಮೇತ ಹಾಕಿದೆ. ತಣ್ಣನೆ ಕೆನೆಯನ್ನು ಮಿಕ್ಸಿಯಲ್ಲಿ ತಿರುವಿದರೆ ಏನಾಗುತ್ತದೆ, ಮಜ್ಜಿಗೆ ಕಡೆದ ಮನೆಯಲ್ಲಿ ಬೆಳೆದವಳಿಗೆ ಹೊಳೆಯಬೇಕಿತ್ತು. ಕಾಫಿ ಮೇಲೆ ಸಾಸಿವೆ ಕಾಳಿನಷ್ಟು ಬೆಣ್ಣೆ ತೇಲಿತು. ಬಂದ ನೆಂಟರು ಮರ್ಯಾದೆಗೆ ಕುಡಿದರು, ತುಟಿ ಒರೆಸಿಕೊಂಡರು, ಏನೂ ಹೇಳಲಿಲ್ಲ. ಹಾಗಾಗಿ ಕಾಯಿಸಿ ಆರಿಸಿದ ಹಾಲಿನ ಕೆನೆ ಪೂರ್ತಿ ತೆಗೆದೇ ಹಾಕಿ. ಸಾಧಾರಣ ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲೇ ಇದಕ್ಕೆ ಸರಿ, ನೊರೆಯೂ ಚೆನ್ನಾಗಿ ಏಳುತ್ತದೆ.

ಸಕ್ಕರೆ ಬೇಡ ಅನ್ನುವವರಿಗೆ ಬೆಲ್ಲ. ಮಲೆನಾಡಿನಲ್ಲಿ ಬೆಲ್ಲದ ಕಾಫಿ ಹೊಸದೇನಲ್ಲ, ಆದರೆ ಬಿಸಿ ಹಾಲಿಗೆ ಬೆಲ್ಲ ಬಿದ್ದರೆ ಎಷ್ಟೋ ಸಲ ಹಾಲು ಒಡೆಯುತ್ತದೆ, ಆ ಭಯಕ್ಕೇ ಎಷ್ಟೋ ಜನ ಬಿಟ್ಟಿದ್ದಾರೆ. ತಣ್ಣನೆ ಕಾಫಿಗೆ ಆ ಭಯ ಇಲ್ಲ. ಜೋನಿ ಬೆಲ್ಲ ಸಿಕ್ಕರಂತೂ ಕರಗಿಸುವ ಕೆಲಸವೂ ಇಲ್ಲ, ಸೀದಾ ಜಾರಿಗೇ ಎರಡು ಚಮಚ ಸುರಿಯಬಹುದು. ಅಂಗಡಿಯಲ್ಲಿ ಕ್ಯಾರಮೆಲ್ ಅಂತ ಹೇಳಿ ಹಿಂಡುವ ಸಿರಪ್ಪಿಗಿಂತ ಜೋನಿ ಬೆಲ್ಲದ ಆ ಸ್ವಲ್ಪ ಹೊಗೆ, ಸ್ವಲ್ಪ ಉಪ್ಪು ಇರುವ ರುಚಿ ನನಗೆ ಎಷ್ಟೋ ಮೇಲು. ಇದು ನನ್ನ ಪಕ್ಷಪಾತ, ಒಪ್ಪುತ್ತೇನೆ.

"ಕೆಫೆಯಲ್ಲಿ ಕೊಡುವುದು ಕೊನೆವರೆಗೂ ಮಂದವಾಗಿ ಇರುತ್ತದಲ್ಲ, ನಮ್ಮದು ಯಾಕೆ ಬೇರೆ ಬೇರೆ ಆಗುತ್ತದೆ?" ಅಂತ ಮಗಳು ಕೇಳಿದಳು. ದೊಡ್ಡ ಕೆಫೆಗಳು ಬಳಸುವ ಸಿರಪ್ಪಿನಲ್ಲಿ ಹಿಡಿದಿಟ್ಟುಕೊಳ್ಳುವ ಅಂಟು ಇರುತ್ತದೆ, ಜ್ಯಾಂತಾನ್ ಗಮ್ ಅಂತ. ಐಸಿನ ಪುಡಿ ಮೇಲೆ, ನೀರು ಕೆಳಗೆ ಆಗದ ಹಾಗೆ ಅದು ತಡೆಯುತ್ತದೆ. ಮನೆಯಲ್ಲಿ ಅದಕ್ಕೆ ಏಳೆಂಟು ಗೋಡಂಬಿ ಸಾಕು. ಒಂದು ಗಂಟೆ ನೆನೆಸಿ, ಸ್ವಲ್ಪ ಹಾಲಿನ ಜೊತೆ ಮೊದಲೇ ನುಣ್ಣಗೆ ರುಬ್ಬಿಕೊಂಡು, ಆಮೇಲೆ ಉಳಿದದ್ದು ಹಾಕುವುದು. ಅರ್ಧ ಬಾಳೆಹಣ್ಣೂ ಆಗುತ್ತದೆ, ಆದರೆ ಆಗ ಅದು ಬಾಳೆಹಣ್ಣಿನ ರುಚಿಯದೇ. ಐಸ್ ಕ್ರೀಮ್ ಹಾಕಿದರೆ ಎಲ್ಲವೂ ಚೆನ್ನಾಗಿರುತ್ತದೆ, ಅದರಲ್ಲಿ ನಮ್ಮ ಹೆಚ್ಚುಗಾರಿಕೆ ಏನೂ ಇಲ್ಲ.

ಪುಡಿ ಯಾವುದು ಅಂದರೆ, ಇಷ್ಟು ಹಾಲು, ಇಷ್ಟು ತಣ್ಣಗೆ ಇರುವಾಗ ಬರೀ ಅರೇಬಿಕಾ ಜಾತಿಯ ಕಾಫಿಯ ನಾಜೂಕು ಪರಿಮಳ ಮೂಗಿಗೆ ಸಿಗುವುದೇ ಇಲ್ಲ, ದುಡ್ಡು ದಂಡ. ಕಡಕ್ ರುಚಿಯ ರೊಬಸ್ಟಾ ಜಾತಿಯದು ಅರ್ಧದಷ್ಟಾದರೂ ಇರಲಿ. ಕಾಫಿಗೆ ಬೆರೆಸುವ ಹುರಿದ ಬೇರಿನ ಪುಡಿ, ಚಿಕೋರಿ, ಅಂದರೆ ಮೂಗು ಮುರಿಯುವವರು ಇದ್ದಾರೆ, ಆದರೆ ಇದಕ್ಕೆ 80 ಭಾಗ ಕಾಫಿ, 20 ಭಾಗ ಚಿಕೋರಿ ಇರುವ ಪುಡಿ ಚೆನ್ನಾಗಿ ಹೊಂದುತ್ತದೆ, ಬಣ್ಣ, ಮಂದ ಎರಡೂ ಬರುತ್ತವೆ. ಪ್ಯಾಕೆಟ್ಟಿನ ಮೇಲೆ ಕಾಫಿ ಎಷ್ಟು, ಚಿಕೋರಿ ಎಷ್ಟು ಅಂತ ಬರೆದಿರಲೇಬೇಕು, ತಿರುಗಿಸಿ ನೋಡಿ. ಕಾಫಿ ಕನಿಷ್ಠ 51 ಭಾಗ ಇರಬೇಕು ಅಂತ ನಿಯಮವೇ ಇದೆ. ಆ ಅಂಚಿಗೆ ತಂದು ನಿಲ್ಲಿಸಿದ ಪುಡಿಗಳೂ ಸಿಗುತ್ತವೆ, ಅವು ತಣ್ಣಗಾದಾಗ ಕಷಾಯದ ಹಾಗೆ ಒಗರು. ಒಂದು ಎಚ್ಚರಿಕೆ, ರೊಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಸುಮಾರು ಎರಡರಷ್ಟು. ಸಿಹಿಯಾಗಿ, ತಣ್ಣಗೆ ಇದೆ ಅಂತ ಮಕ್ಕಳಿಗೆ ಸಾಯಂಕಾಲ ಲೋಟಗಟ್ಟಲೆ ಕೊಟ್ಟರೆ ರಾತ್ರಿ ಹನ್ನೊಂದಾದರೂ ಅವು ಮಲಗುವುದಿಲ್ಲ.

ಖರ್ಚಿನ ಮಾತು ಆಡಲೇಬೇಕಲ್ಲ. ಕಳೆದ ತಿಂಗಳು ನಾವು ಮೂವರು ಒಂದು ಮಾಲಿನ ಕೆಫೆಯಲ್ಲಿ ಇದೇ ಥರದ್ದು ಕುಡಿದು ತೆರಿಗೆ ಸೇರಿ ಒಂಬೈನೂರು ರೂಪಾಯಿಯ ಹತ್ತಿರ ಕೊಟ್ಟು ಬಂದೆವು. ಅಷ್ಟು ದುಡ್ಡಿಗೆ, ಪುಡಿಯ ಬೆಲೆ ಈಗ ಇಷ್ಟು ಏರಿರುವಾಗಲೂ, ಒಂದು ಕೆ.ಜಿ. ಅಲ್ಲದಿದ್ದರೂ ಮುಕ್ಕಾಲು ಕೆ.ಜಿ.ಯಾದರೂ ಪುಡಿ ಮನೆಗೆ ಬರುತ್ತಿತ್ತು. ಹೋಗಬೇಡಿ ಅಂತಲ್ಲ. ಏಸಿಗೆ, ಕುರ್ಚಿಗೆ, ಹರಟೆಗೆ ಅಂತ ಹೋಗೋಣ.

ಸಂಪಾದಕರೇ, ನಾನು ಕೇಳುವುದು ಎರಡೇ. ಆ ಬರಹದಲ್ಲಿ ಬಿಸಿ ನೀರನ್ನು ಮಿಕ್ಸಿಗೆ ಹಾಕಿ ಅಂತ ಇದ್ದದ್ದು ತಪ್ಪು ಅಂತ ಮುಂದಿನ ಭಾನುವಾರ ಅದೇ ಪುಟದಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ ಹಾಕಿ. ಎಷ್ಟು ಮನೆಯಲ್ಲಿ ಆ ತುಂಡನ್ನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾರೋ. ಇನ್ನೊಂದು, ಅಡುಗೆ ಪುಟಕ್ಕೆ ಬರೆಯುವವರು ಒಂದು ಸಲ ತಮ್ಮ ಮನೆಯ ಮಿಕ್ಸಿಯಲ್ಲಿ ಮಾಡಿ, ಕುಡಿದು, ಆ ಲೋಟದ್ದೇ ಫೋಟೊ ಕಳಿಸಲಿ. ಸ್ಟೀಲ್ ಲೋಟವಾದರೂ ಪರವಾಗಿಲ್ಲ.

ಇಂತಿ,
ನಿಮ್ಮ ಹಳೆಯ ಓದುಗರಲ್ಲಿ ಒಬ್ಬಳು,
ಕುವೆಂಪುನಗರ, ಮೈಸೂರು