ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ: ಕಣ್ಣು ಹಳದಿಯಾಗುವವರೆಗೆ ಕಾಯಬೇಕಾ?

ಮಾನ್ಯ ಸಚಿವರೇ,

ಮನೆಯಲ್ಲಿ ಎರಡು ಸಾವು ಕಂಡ ಮೇಲೆ ಈ ಪತ್ರ ಬರೆಯುತ್ತಿದ್ದೇನೆ. ಮೊದಲು ಅಪ್ಪ, ಆಮೇಲೆ ಅಣ್ಣ. ಇಬ್ಬರಿಗೂ ಮೇದೋಜೀರಕ ಗ್ರಂಥಿಯ (ಪ್ಯಾಂಕ್ರಿಯಾಸ್) ಕ್ಯಾನ್ಸರ್. ನನ್ನ ಬೇಡಿಕೆ ಒಂದೇ: ಇದನ್ನು ಯಾರಲ್ಲಿ, ಯಾವಾಗ ಹುಡುಕಬೇಕು ಅಂತ ಎಲ್ಲ ಆಸ್ಪತ್ರೆಗಳಿಗೂ ಸುತ್ತೋಲೆ ಕಳಿಸಿ.

ಅಣ್ಣನಿಗೆ 54ಕ್ಕೆ ಇದ್ದಕ್ಕಿದ್ದಂತೆ ಶುಗರ್ ಬಂತು. ಮೈ ಇಳಿಯತೊಡಗಿತು. ಪ್ಯಾಂಟು ನಿಲ್ಲದೆ ಬೆಲ್ಟಿಗೆ ಮೊಳೆಯಿಂದ ತೂತು ಹೊಡೆದುಕೊಂಡ. ಒಂದಲ್ಲ, ನಾಲ್ಕು ತೂತು. ಡಾಕ್ಟರ್ ಮಾತ್ರ 'ತೂಕ ಇಳಿದಿದೆ, ಒಳ್ಳೇದೇ ಆಯ್ತು, ಹೀಗೇ ಪಥ್ಯ ಮಾಡಿ' ಅಂದರು. ಬೆನ್ನು ನೋವು ಅಂದರೆ ನೋವಿನ ಮಾತ್ರೆ, ಹೊಟ್ಟೆ ನೋವು ಅಂದರೆ ಗ್ಯಾಸ್ಟ್ರಿಕ್ ಮಾತ್ರೆ. ಏಳು ತಿಂಗಳು ಹೀಗೇ ಹೋಯಿತು. ಕಣ್ಣು ಹಳದಿಯಾದ ಮೇಲೆ ಸ್ಕ್ಯಾನ್ ಬರೆದುಕೊಟ್ಟರು. ಅಷ್ಟರಲ್ಲಿ ಲಿವರ್‌ಗೂ ಹರಡಿತ್ತು. ಆ ಬೆಲ್ಟ್ ಇನ್ನೂ ಬಾಗಿಲ ಹಿಂದೆ ನೇತಾಡುತ್ತಿದೆ. ತೆಗೆಯಲು ಅತ್ತಿಗೆ ಬಿಡುವುದಿಲ್ಲ.

ನಿಮಗೆ ಗೊತ್ತಿರುವ ವಿಷಯವೇ ಇದು. ಜಠರದ ಹಿಂದೆ ಅಡಗಿರುವ ಅಂಗ, ಗಡ್ಡೆ ಬೆಳೆದರೂ ಕೈಗೆ ಸಿಗುವುದಿಲ್ಲ. ಪತ್ತೆಯಾಗುವ ಹೊತ್ತಿಗೆ ನೂರರಲ್ಲಿ ಸುಮಾರು 15ರಿಂದ 20 ಜನಕ್ಕಷ್ಟೇ ಆಪರೇಷನ್ ಸಾಧ್ಯ. ಹಾಗಂತ ಎಲ್ಲರಿಗೂ ಸ್ಕ್ರೀನಿಂಗ್ ಮಾಡಿ ಅಂತ ಕೇಳುತ್ತಿಲ್ಲ. ಸುಮ್ನೆ ಎಲ್ಲರನ್ನೂ ಪರೀಕ್ಷೆ ಮಾಡಿದರೆ ಇಲ್ಲದ ಗಾಬರಿಯೇ ಜಾಸ್ತಿ. ಈ ಕ್ಯಾನ್ಸರ್‌ನ ಸುಳಿವಿಗೆ ಮಾಡುವ ಸಿಎ 19-9 ಅನ್ನೋ ರಕ್ತಪರೀಕ್ಷೆಯನ್ನೂ ನೆಚ್ಚಿಕೊಳ್ಳಲಾಗದು. ಪಿತ್ತನಾಳದ ಕಲ್ಲಿನಿಂದ ಬಂದ ಕಾಮಾಲೆಗೂ ಅದು ಏರುತ್ತದೆ.

ಆದರೆ 50 ದಾಟಿದವರಿಗೆ ಹೊಸದಾಗಿ ಶುಗರ್ ಬಂದು, ಜೊತೆಗೆ ತೂಕವೂ ಇಳಿಯುತ್ತಿದ್ದರೆ ಅದು ಇದೇ ಕ್ಯಾನ್ಸರ್‌ನ ಸುಳಿವಿರಬಹುದು ಅಂತ ತಡ ಮಾಡದೆ ಸಿಟಿ ಸ್ಕ್ಯಾನ್ ಮಾಡಿಸಬೇಕು ಅಲ್ವಾ? ಅಪ್ಪ, ಅಣ್ಣ ಹೀಗೆ ಹತ್ತಿರದ ಇಬ್ಬರಿಗೆ ರೋಗ ಬಂದ ಮನೆಯವರಿಗೆ ವರ್ಷಕ್ಕೊಮ್ಮೆ ಎಂಆರ್‌ಐ ಇಲ್ಲವೇ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ (ಬಾಯಿಂದ ನಳಿಕೆ ಇಳಿಸಿ ಒಳಗಿನಿಂದ ಮಾಡುವ ಸ್ಕ್ಯಾನ್) ಬೇಕು ಅನ್ನುವುದು ತಜ್ಞರದೇ ಮಾತು. ಅದೂ 50ರಿಂದ, ಅಥವಾ ಮನೆಯಲ್ಲಿ ಅತಿ ಚಿಕ್ಕ ವಯಸ್ಸಿಗೆ ರೋಗ ಬಂದವರಿಗಿಂತ 10 ವರ್ಷ ಮೊದಲೇ. ಅಣ್ಣನ ಲೆಕ್ಕ ಹಿಡಿದರೆ ನನಗೆ 44ಕ್ಕೇ ಶುರುವಾಗಬೇಕಿತ್ತು. ನನಗೀಗ 49.

ಹೋದ ತಿಂಗಳು ಆಸ್ಪತ್ರೆಯಲ್ಲಿ ಇದನ್ನೇ ಕೇಳಿದೆ. 'ನಿಮಗೇನೂ ಆಗಿಲ್ವಲ್ಲ, ತೊಂದರೆ ಬಂದ ಮೇಲೆ ಬನ್ನಿ' ಅಂದರು. ತೊಂದರೆ ಬಂದ ಮೇಲೆ ಏನಾಗುತ್ತದೆ ಅಂತ ಎರಡು ಸಲ ನೋಡಿದ್ದೇನೆ ಸಾರ್. ಎರಡು ಸಲ ಹೆಗಲು ಕೊಟ್ಟಿದ್ದೇನೆ.

ಸುತ್ತೋಲೆ ಕಳಿಸಿ. ಇಂಥ ಮನೆಗಳ ಪಟ್ಟಿ ಮಾಡಿಸಿ, ಜೀನ್ ಪರೀಕ್ಷೆಗೂ ದಾರಿ ಮಾಡಿಕೊಡಿ. ಅಣ್ಣನ ಮಗನಿಗೆ ಈಗ 26. ಅವನು ಹೋಗಿ ಕೇಳಿದ ದಿನ ಯಾರೂ ಅವನಿಗೆ 'ಆಮೇಲೆ ಬನ್ನಿ' ಅನ್ನಬಾರದು. ಸುತ್ತೋಲೆ ಈ ತಿಂಗಳೇ ಹೊರಡಲಿ.

ಇಂತಿ,
ಅಪ್ಪನನ್ನೂ ಅಣ್ಣನನ್ನೂ ಕಳೆದುಕೊಂಡ ಒಬ್ಬ ನಾಗರಿಕ