ಕೆಂಪು ಶಾಲಿನವರಿಗೆ, ಮಂಡ್ಯದಿಂದ

ಹೋದ ಡಿಸೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಇಂಟರ್‌ಲಾಕನ್ ಓಸ್ಟ್ ರೈಲು ನಿಲ್ದಾಣದಲ್ಲಿ ನಮ್ಮಪ್ಪನ ಪಕ್ಕ ಮಂಡಿಯೂರಿ ಕೂತಿರಲ್ಲ, ನಿಮಗೆ ಈ ಬರಹ. ಹೆಸರು ಕೇಳುವಷ್ಟು ಬುದ್ಧಿ ಆಗ ನಮಗೆ ಓಡಲಿಲ್ಲ.

ಅಪ್ಪನಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಂಡರು. ತಿಂಡಿಗೆ ಮಾತ್ರ ‘ಈ ಒಣ ಬ್ರೆಡ್ಡು ಯಾವನ್ಗೆ ಬೇಕು’ ಅಂತ ತಟ್ಟೆ ಸರಿಸಿದರು. ಆಮೇಲೆ ಹಿಮದಲ್ಲಿ ಎರಡು ಗಂಟೆ ನಡಿಗೆ. 3,454 ಮೀಟರ್ ಎತ್ತರದ ಯುಂಗ್‌ಫ್ರೌಯೋಖ್‌ಗೆ ಹೋಗಬೇಕಿತ್ತು, ರೈಲು ಹತ್ತಲೇ ಇಲ್ಲ. ಅಷ್ಟು ಚಳಿಯಲ್ಲೂ ಅಪ್ಪನ ಅಂಗಿ ತೊಯ್ದಿತ್ತು, ಮಾತು ತೊದಲುತ್ತಿತ್ತು. ನಾವು ಸುಸ್ತು ಅಂದುಕೊಂಡೆವು. ನೀವು ಬೆವರು ನೋಡಿದಿರಿ.

ಅವರು ಕುಸಿದಾಗ ಅಮ್ಮ ಬಾಯಿಗೆ ಕಾಫಿ ಹುಯ್ಯಲು ಹೋದರು, ನೀವು ಕೈ ಹಿಡಿದು ತಡೆದಿರಿ. ನಿಜ ಹೇಳ್ತೀನಿ, ನನಗೆ ಸಿಟ್ಟು ಬಂದಿತ್ತು. ಎಚ್ಚರ ತಪ್ಪಿದವರ ಬಾಯಿಗೆ ಹಾಕಿದ್ದು ಶ್ವಾಸಕೋಶಕ್ಕೆ ಇಳಿಯಬಹುದು ಅಂತ ಗೊತ್ತಾಗಿದ್ದು ಆಮೇಲೆ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಅಲ್ಲಿನ ಆಂಬುಲೆನ್ಸ್ ನಂಬರ್ 144ಕ್ಕೆ ಫೋನ್ ಮಾಡಿ, ನಿಮ್ಮ ಶಾಲನ್ನೇ ಹೊದಿಸಿದಿರಿ. ಇನ್ಸುಲಿನ್ ಚುಚ್ಚಿಕೊಂಡು ತಿನ್ನದೆ ನಡೆದಿದ್ದಕ್ಕೆ ಅಪ್ಪನ ರಕ್ತದ ಸಕ್ಕರೆ ತೀರಾ ಇಳಿದಿತ್ತು: ಆಂಬುಲೆನ್ಸಿನವರ ಮೀಟರಿನಲ್ಲಿ 2.1, ನಮ್ಮೂರಿನ ಲೆಕ್ಕದಲ್ಲಿ 38. ರಕ್ತನಾಳಕ್ಕೆ ಗ್ಲೂಕೋಸ್ ಏರಿಸಿದ ಸ್ವಲ್ಪ ಹೊತ್ತಿಗೆ ಅಪ್ಪ ಕಣ್ಣು ಬಿಟ್ಟು, ‘ರೈಲು ಹೊಂಟೋಯ್ತಾ?’ ಅಂದರು. ತಿರುಗಿ ನೋಡಿದರೆ ನೀವಿರಲಿಲ್ಲ.

ಸಕ್ಕರೆ ನಾಡಿನವರು ನಾವು, ಬ್ಯಾಗಿನಲ್ಲಿ ಒಂದು ಚೂರು ಬೆಲ್ಲ ಇರಲಿಲ್ಲ ನೋಡಿ! ಈಗ ಅಪ್ಪನ ಜೇಬಿನಲ್ಲಿ ಸದಾ ಇರುತ್ತೆ, ಇರುವೆ ಕಾಟ ಬೇರೆ. ನಿಮ್ಮ ಶಾಲು ಅಮ್ಮನ ಬೀರುವಿನಲ್ಲಿ ರೇಷ್ಮೆ ಸೀರೆಗಳ ಪಕ್ಕ ಇದೆ.